ನೂರಕ್ಕೆ ನೂರಾ ಅರವತ್ತು

(ನಮ್ಮ ತಾಲ್ಲೂಕಿನ ಗ್ರಂಥಾಲಯದಲ್ಲಿ ನಿವೃತ್ತ ಶಿಕ್ಷಕರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಅಂದು ಹೊತ್ತು ಸಾಲದೆ ಬಿಟ್ಟುಹೋದ ಒಂದೆರಡು ಸಂಗತಿಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಅಧ್ಯಕ್ಷರು ನನ್ನನ್ನು ಪರಿಚಯಿಸುತ್ತಾ ‘ನೇಪಾಳದ ಹಳ್ಳಿ ಮಕ್ಕಳಿಗೆ ಗಣಿತ ಕಲಿಸಿ ಬಂದವರು’ ಎಂದರು. ಅವರದು ದೊಡ್ಡ ಮನಸ್ಸು. ಆದರೆ ಆ 6 ತಿಂಗಳಲ್ಲಿ ನಾನು ಕಲಿಸಿದ್ದು ಎಷ್ಟು, ಒಂದು ಮನೆಯವರು ನನ್ನನ್ನು ಸಾಕಿದ್ದು ಎಷ್ಟು ಎಂಬ ಲೆಕ್ಕವನ್ನು ಒಮ್ಮೆ ನಾಲ್ಕು ಜನರ ಮುಂದೆ ಬಿಚ್ಚಿಡಬೇಕು ಎಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ. ಇವತ್ತು ಅದನ್ನೇ ಹೇಳುತ್ತೇನೆ.

ನಿವೃತ್ತಿಯಾದ ಮರುವರ್ಷ, 2018ರ ಏಪ್ರಿಲ್‌ನಲ್ಲಿ ನಾನು ಹೊರಟೆ. ಅದಕ್ಕೂ ಮೊದಲು ಸ್ವಯಂಸೇವಕರನ್ನು ಕಳುಹಿಸುವ ಒಂದು ಸಂಸ್ಥೆಗೆ ಪತ್ರ ಬರೆದಿದ್ದೆ. ಡಾಲರ್‌ನಲ್ಲಿ ಶುಲ್ಕ ತಿಳಿಸಿದರು. ‘ಇದರಲ್ಲಿ ನನಗೆ ಅನ್ನ ಹಾಕುವ ಮನೆಗೆ ಎಷ್ಟು ಹೋಗುತ್ತದೆ?’ ಎಂದು ಕೇಳಿದೆ. ಉತ್ತರ ಬರಲಿಲ್ಲ. ಎರಡನೇ ಸಲ ಕೇಳಿದಾಗ ಹಿಮಾಲಯದ ಚಿತ್ರಗಳಿರುವ ಒಂದು ಕಿರುಹೊತ್ತಿಗೆ ಬಂತು. ನಾನು ಆ ದಾರಿಯನ್ನು ಬಿಟ್ಟೆ. ನಮ್ಮ ಹಳೆಯ ಸಹೋದ್ಯೋಗಿಯೊಬ್ಬರ ಮಗಳು ಕಠ್ಮಂಡುವಿನಲ್ಲಿ ಶಿಕ್ಷಕರ ತರಬೇತಿಯ ಕೆಲಸದಲ್ಲಿದ್ದಳು. ಅವಳ ಮೂಲಕ ಪಾಲ್ಪಾ ಜಿಲ್ಲೆಯ ಒಂದು ಹಳ್ಳಿ ಶಾಲೆಯ ಆಡಳಿತ ಸಮಿತಿಯೊಂದಿಗೆ ಮಾತುಕತೆಯಾಯಿತು. ನಾನು ಯಾರ ಮನೆಯಲ್ಲಿರಬೇಕು, ತಿಂಗಳಿಗೆ ಎಷ್ಟು ಕೊಡಬೇಕು ಎಂಬುದನ್ನು ಅಲ್ಲಿನ ‘ಆಮಾ ಸಮೂಹ’, ಅಂದರೆ ಊರಿನ ಹೆಂಗಸರ ಸಂಘ, ಕುಳಿತು ತೀರ್ಮಾನಿಸಿತು. ಹಣ ನನ್ನ ಕೈಯಿಂದ ನೇರವಾಗಿ ಆ ಮನೆಯವರ ಕೈಗೆ. ಭಾರತೀಯರಾದ ನಮಗೆ ನೇಪಾಳಕ್ಕೆ ವೀಸಾ ಬೇಕಿಲ್ಲ. ಬೇರೆ ದೇಶಗಳಿಂದ ಪ್ರವಾಸಿ ವೀಸಾದ ಮೇಲೆ ಬಂದವರು ಸಂಬಳವಿಲ್ಲದ ಕೆಲಸವನ್ನೂ ಅನುಮತಿಯಿಲ್ಲದೆ ಮಾಡುವಂತಿಲ್ಲ. ಅದನ್ನು ಮುಚ್ಚಿಟ್ಟು ಜನರನ್ನು ಕಳುಹಿಸುವವರಿದ್ದಾರೆ, ಎಚ್ಚರವಿರಲಿ.

ಯಶವಂತಪುರದಿಂದ ಗೋರಖಪುರದವರೆಗೆ ರೈಲು, ಅಲ್ಲಿಂದ ಸುನೌಲಿಯವರೆಗೆ ಬಸ್. ಗಡಿಯನ್ನು ನಡೆದುಕೊಂಡೇ ದಾಟಿದೆ. ನನ್ನ ಜೊತೆ ಗಡಿ ದಾಟುತ್ತಿದ್ದವರು ಬಹುಪಾಲು ಗಂಡಸರು. ಹೆಗಲ ಮೇಲೆ ಚೀಲ, ಕೈಯಲ್ಲಿ ಮಕ್ಕಳಿಗೆಂದು ಕೊಂಡ ಆಟಿಕೆ. ಬುಟವಲ್‌ನಿಂದ ಸಿದ್ಧಾರ್ಥ ರಾಜಮಾರ್ಗ ಬೆಟ್ಟ ಹತ್ತತೊಡಗುತ್ತದೆ. ಜಿಲ್ಲಾ ಕೇಂದ್ರ ತಾನ್ಸೆನ್‌ನಿಂದ ಜೀಪು, ಆಮೇಲೆ ಒಂದು ಗಂಟೆಯ ಕಾಲುದಾರಿ.

ನನ್ನನ್ನು ಇರಿಸಿಕೊಂಡದ್ದು ಮಗರ್ ಸಮುದಾಯದ ಒಂದು ಕುಟುಂಬ. ಮನೆಯೊಡತಿ ನನಗಿಂತ ಐದಾರು ವರ್ಷ ದೊಡ್ಡವರು. ಮೊದಲ ಸಂಜೆಯೇ ವಯಸ್ಸು ಕೇಳಿ, ‘ಹಾಗಾದರೆ ನೀನು ನನ್ನ ಬಹಿನಿ’ ಎಂದರು. ಬಹಿನಿ ಎಂದರೆ ತಂಗಿ. ಅವರು ನನಗೆ ದಿದಿಯಾದರು, ಅವರ ಯಜಮಾನರು ಭಿನಾಜು, ಅಂದರೆ ಭಾವ. ಸೊಸೆ ನನ್ನನ್ನು ಸಾನಿಮಾ ಎಂದಳು, ನಮ್ಮ ಚಿಕ್ಕಮ್ಮ ಎಂಬಂತೆ. ಒಂಬತ್ತು ವರ್ಷದ ಮೊಮ್ಮಗಳೊಬ್ಬಳಿದ್ದಳು, ನಾಲ್ಕನೇ ತರಗತಿ. ಶಾಲೆಯಲ್ಲಿ ಎಲ್ಲ ಮಕ್ಕಳಂತೆ ಅವಳೂ ನನ್ನನ್ನು ‘ಗುರುಆಮಾ’ ಎನ್ನುತ್ತಿದ್ದಳು. ಶಿಕ್ಷಕಿಗೆ ನೇಪಾಳಿಯಲ್ಲಿರುವ ಮಾತು ಅದು: ಗುರುವೂ ಹೌದು, ತಾಯಿಯೂ ಹೌದು.

ಆ ಮನೆಯ ಮಗ, ಈ ಹುಡುಗಿಯ ಅಪ್ಪ, ಬೆಂಗಳೂರಿನ ಒಂದು ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದ.

ಅದು ಮೊದಲೇ ನನಗೆ ಗೊತ್ತಿರಲಿಲ್ಲ. ನಾನು ಕರ್ನಾಟಕದವಳೆಂದು ಹೇಳಿದಾಗ ಭಿನಾಜು ಮೊದಲು ನೆನಪಿಸಿಕೊಂಡದ್ದು ಪಶುಪತಿನಾಥನ ಭಟ್ಟರನ್ನು. ಕಠ್ಮಂಡುವಿನ ಆ ಗುಡಿಯ ಮುಖ್ಯ ಅರ್ಚಕರು ಪರಂಪರೆಯಿಂದ ಕರ್ನಾಟಕದ ಕಡೆಯಿಂದಲೇ ಹೋಗುವವರು. ಆಮೇಲೆ ದಿದಿ ಮೆಲ್ಲಗೆ ಹೇಳಿದರು: ‘ನಮ್ಮ ಹುಡುಗನೂ ನಿಮ್ಮಲ್ಲೇ ಇದ್ದಾನೆ. ಅಲ್ಲಿ ಅವನಿಗೆ ಯಾರೋ ಅನ್ನ ಹಾಕುತ್ತಿರುತ್ತಾರೆ. ಇಲ್ಲಿ ನಿನಗೆ ನಾನು ಹಾಕುತ್ತೇನೆ.’

ಆ ಮನೆಯ ಅಡುಗೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ನೇಪಾಳದ ಬೆಟ್ಟಗಳಲ್ಲಿ ‘ಕೋದೋ’ ಎಂದರೆ ನಮ್ಮ ರಾಗಿ. ಅದರಿಂದ ಮಾಡುವ ‘ಢಿಂಡೋ’ ನಮ್ಮ ಮುದ್ದೆಯ ಒಡಹುಟ್ಟು. ತುಮಕೂರು ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ಎರಡನೇ ದಿನ ಆ ಕಪ್ಪು ಹಿಟ್ಟಿನ ವಾಸನೆ ಮೂಗಿಗೆ ಬಿದ್ದಾಗ ಕಣ್ಣು ತುಂಬಿತು. ‘ಇದನ್ನು ನಾನು ಮಾಡಬಲ್ಲೆ’ ಎಂದು ಒಲೆಯ ಮುಂದೆ ಕುಳಿತೆ. ನಮ್ಮಲ್ಲಿ ಮಾಡುವಂತೆ ಕುದಿಯುವ ನೀರಿಗೆ ಹಿಟ್ಟನ್ನು ಒಟ್ಟಿಗೆ ಸುರಿದು, ಬೇಯಲು ಬಿಟ್ಟು, ಆಮೇಲೆ ತಿರುವಲು ಹೊರಟೆ. ದಿದಿ ಏನೂ ಅನ್ನಲಿಲ್ಲ. ಪಕ್ಕದಲ್ಲಿ ಕುಳಿತು ನೋಡಿದರು. ಅವರ ಹಿಟ್ಟು ನಮ್ಮದಕ್ಕಿಂತ ತರಿಯಾಗಿತ್ತು, ಅವರ ಕಬ್ಬಿಣದ ಬಾಣಲೆ ಅಗಲವಾಗಿತ್ತು, ಸೌದೆಯ ಉರಿ ಒಂದೇ ಕಡೆಗೆ ಬಡಿಯುತ್ತಿತ್ತು. ಗಂಟು ಗಂಟಾಯಿತು. ಮರುದಿನ ಅವರು ಮಾಡುವಾಗ ನೋಡಿದೆ: ಎಡಗೈಯಿಂದ ಒಂದೊಂದೇ ಹಿಡಿ ಹಿಟ್ಟನ್ನು ಉದುರಿಸುತ್ತಾ, ಬಲಗೈಯ ಮರದ ಸೌಟನ್ನು ಒಂದು ಕ್ಷಣವೂ ನಿಲ್ಲಿಸದೆ ತಿರುಗಿಸುತ್ತಾರೆ. ಉಂಡೆ ಕಟ್ಟುವುದಿಲ್ಲ, ತಟ್ಟೆಯಲ್ಲಿ ಗುಡ್ಡೆಯಾಗಿಯೇ ಬಡಿಸುತ್ತಾರೆ. ಮುರಿದು, ಗುಂಡ್ರುಕ್‌ನ ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಬೇಕು. ಅಲ್ಲಿ ಮಾತ್ರ ನಮ್ಮವರೂ ಅವರೂ ಒಂದೇ. ಗುಂಡ್ರುಕ್ ಎಂದರೆ ಸಾಸಿವೆ ಜಾತಿಯ ಸೊಪ್ಪನ್ನು ಬಾಡಿಸಿ, ಜಜ್ಜಿ, ಮಡಕೆಯಲ್ಲಿ ಒತ್ತಿ ತುಂಬಿ ಹುಳಿ ಬರಿಸಿ, ಬಿಸಿಲಲ್ಲಿ ಒಣಗಿಸಿಟ್ಟದ್ದು. ಮಾತಿಗೆ ಸಿಗದ ಒಂದು ಹುಳಿವಾಸನೆ ಅದಕ್ಕೆ.

ಆ ಗಂಟುಗಳನ್ನು ಅಂದು ಎಲ್ಲರೂ ತಿಂದರು. ಶಾಲೆಯಲ್ಲಿ ನಾನು ಅದೇ ಕೆಲಸವನ್ನೇ ಮಾಡುತ್ತಿದ್ದೇನೆ ಎಂಬುದು ತಿಳಿಯಲು ನನಗೆ ಇನ್ನೂ ಒಂದು ತಿಂಗಳು ಹಿಡಿಯಿತು.

ಶಾಲೆ ಎಂಟನೇ ತರಗತಿಯವರೆಗಿನದು. ವರ್ಷ ಶುರುವಾಗುವುದು ವೈಶಾಖದಲ್ಲಿ. ನಾನು ಹೋದಾಗ ಅವರ ವಿಕ್ರಮ ಸಂವತ್ 2075 ಆಗಷ್ಟೇ ಹುಟ್ಟಿತ್ತು. ಆಗ ವಾರದ ರಜೆ ಶನಿವಾರ ಮಾತ್ರ, ಭಾನುವಾರ ಶಾಲೆ ಇರುತ್ತಿತ್ತು. (2015ರ ಏಪ್ರಿಲ್ 25ರ ಭೂಕಂಪ ನಡುಹಗಲಿಗೆ ಸ್ವಲ್ಪ ಮೊದಲು ಬಂತು, ಅಂದು ಶನಿವಾರವಾಗಿತ್ತು. ಗೋರ್ಖಾ, ಸಿಂಧುಪಾಲ್ಚೋಕ್ ಕಡೆ ಸಾವಿರಾರು ತರಗತಿ ಕೋಣೆಗಳು ಕುಸಿದವು, ಒಳಗೆ ಮಕ್ಕಳಿರಲಿಲ್ಲ. ಅಲ್ಲಿನ ಶಿಕ್ಷಕರು ಶನಿವಾರ ಎಂಬ ಮಾತನ್ನು ಇವತ್ತಿಗೂ ಬೇರೆಯೇ ದನಿಯಲ್ಲಿ ಹೇಳುತ್ತಾರೆ.) ಮಕ್ಕಳು ಬೆಳಿಗ್ಗೆ ಒಂಬತ್ತಕ್ಕೆಲ್ಲ ಮನೆಯಲ್ಲಿ ಊಟವನ್ನೇ ಮುಗಿಸಿ ಹತ್ತು ಗಂಟೆಗೆ ಶಾಲೆಗೆ ಬರುತ್ತಾರೆ.

ಮೂರು ಮತ್ತು ನಾಲ್ಕನೇ ತರಗತಿಯ ಗಣಿತವನ್ನು ನನಗೆ ಕೊಟ್ಟರು. ಆ ಪಾಠಗಳನ್ನು ಅದುವರೆಗೆ ಮಾಡುತ್ತಿದ್ದವರು ಸುಮಾರು ಮೂವತ್ತು ವರ್ಷದ ಒಬ್ಬ ಹೆಣ್ಣುಮಗಳು. ಮಕ್ಕಳು ಅವರನ್ನು ‘ಮಿಸ್’ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತೇನೆ. ಅವರು ‘ರಾಹತ್’ ಶಿಕ್ಷಕಿ. ನಮ್ಮಲ್ಲಿ ಅತಿಥಿ ಶಿಕ್ಷಕರಿದ್ದಾರಲ್ಲ, ಹೆಚ್ಚುಕಡಿಮೆ ಆ ಬಗೆಯ ನೇಮಕ: ವರ್ಷಗಟ್ಟಲೆ ದುಡಿದರೂ ಕಾಯಂ ಆಗದ ಹುದ್ದೆ. ನಾನು ಉತ್ಸಾಹದಿಂದ ಪಾಠ ಮಾಡಿದೆ. ಮಕ್ಕಳು ಕುಣಿದರು. ಮಿಸ್ ಮೊದಲ ವಾರ ಹಿಂದಿನ ಬೆಂಚಿನಲ್ಲಿ ಕುಳಿತರು, ಎರಡನೇ ವಾರ ಬಾಗಿಲ ಬಳಿ ನಿಂತರು, ಮೂರನೇ ವಾರ ಕಚೇರಿಗೆ ಹೋಗಿ ಫಾರಂ ತುಂಬಲು ಕುಳಿತರು. ನಾನು ಅದನ್ನು ಗಮನಿಸಲೇ ಇಲ್ಲ.

ಆಮೇಲೆ ನನಗೆ ಜ್ವರ ಬಂತು. ಎಂಟು ದಿನ ಏಳಲಿಲ್ಲ. ಆರನೇ ದಿನವೋ ಏಳನೇ ದಿನವೋ ಸಂಜೆ ಮೊಮ್ಮಗಳು ಹಾಸಿಗೆಯ ಬಳಿ ಬಂದು ಹೇಳಿದಳು: ‘ಪಾಠ ಎಲ್ಲಿಗೆ ನಿಂತಿದೆ ಎಂದು ಮಿಸ್ ಕೇಳಿದರು. ನಮಗೆ ಹೇಳಲು ಬರಲಿಲ್ಲ. ಮಿಸ್‌ಗೂ ಗೊತ್ತಿರಲಿಲ್ಲ.’

32 ವರ್ಷ ಸರ್ಕಾರಿ ಶಾಲೆಯಲ್ಲಿ ಕೆಲಸ ಮಾಡಿದವಳು ನಾನು. ಮೇಲಿನಿಂದ ಬಂದವರು ನನ್ನ ತರಗತಿಯಲ್ಲಿ ಮಾದರಿ ಪಾಠ ಮಾಡಿ ಹೊರಟುಹೋದಾಗ ಉಳಿಯುತ್ತಿದ್ದ ಆ ಖಾಲಿತನ ನನಗೆ ಚೆನ್ನಾಗಿ ಗೊತ್ತು. ಅದನ್ನೇ ನಾನು ಇನ್ನೊಬ್ಬ ಶಿಕ್ಷಕಿಗೆ ಮಾಡಿದ್ದೆ. ಮೈ ಸರಿಯಾದ ಮೇಲೆ ಪಕ್ಕದ ಊರಿನ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರಿಗೆ ಮುಜುಗರವಾಯಿತು. ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: ‘ನೀವು ದಶೈಂ (ಅವರ ದಸರಾ ಹಬ್ಬ) ಮುಗಿಸಿ ಹೋಗುತ್ತೀರಿ. ಈ ಮಕ್ಕಳು ನನ್ನ ಹತ್ತಿರವೇ ಇರುತ್ತಾರೆ.’ ಅದರಲ್ಲಿ ಸಿಟ್ಟಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು, ಅಷ್ಟೇ.

ಮರುದಿನದಿಂದ ಕಪ್ಪುಹಲಗೆ ಅವರದು, ಹಿಂದಿನ ಬೆಂಚು ನನ್ನದು. ಪಾಠೋಪಕರಣ ಮಾಡುವುದು, ಹಿಂದುಳಿದ ಮೂರು ನಾಲ್ಕು ಮಕ್ಕಳ ಪಕ್ಕ ಕೂರುವುದು, ಪುಸ್ತಕ ತಿದ್ದುವುದು ನನ್ನ ಕೆಲಸವಾಯಿತು. ಬೇರೆ ದೇಶದ ಶಾಲೆಗೆ ಹೋಗುವವರಿಗೆ ನನ್ನ ಅನುಭವದಿಂದ ಹೇಳಬಲ್ಲ ಮಾತು ಇದೊಂದೇ: ಉಳಿಯುವವರ ಕೈಯಲ್ಲಿರುವ ಸೌಟನ್ನು ಕಿತ್ತುಕೊಳ್ಳಬೇಡಿ.

ಹಿಂದಿನ ಬೆಂಚಿನಲ್ಲಿ ಕುಳಿತ ಮೇಲೆಯೇ ನನಗೆ ಕೆಲವು ಸಂಗತಿಗಳು ಕಾಣತೊಡಗಿದವು. ಮಿಸ್ ‘ಉನನ್‌ಚಾಲೀಸ್’ ಎಂದು ಬರೆಸಿದರೆ ಮಕ್ಕಳಲ್ಲಿ ಕೆಲವರು 49 ಬರೆಯುತ್ತಿದ್ದರು. ಅದು 39. ನೇಪಾಳಿಯಲ್ಲಿ ಆ ಹೆಸರಿನ ಅರ್ಥ ‘ನಲವತ್ತಕ್ಕೆ ಒಂದು ಕಡಿಮೆ’. ಮಗುವಿನ ಕಿವಿಗೆ ಬೀಳುವುದು ಚಾಲೀಸ್, ಅಂದರೆ ನಲವತ್ತು. ಕನ್ನಡದ ‘ಮೂವತ್ತೊಂಬತ್ತು’ ಎಂಬ ಮಾತಿನೊಳಗೇ ಮೂರು ಹತ್ತೂ ಒಂಬತ್ತೂ ಕುಳಿತಿವೆ. ನಾವು ಆ ಅನುಕೂಲವನ್ನು ಗಮನಿಸುವುದೇ ಇಲ್ಲ. ಜೊತೆಗೆ ಈ ಮಕ್ಕಳ ಮನೆಮಾತು ಮಗರ್. ಅದರಲ್ಲಿ ಕಾಟ್, ನಿಸ್, ಸೋಮ್, ಬುಲಿ, ಬಾಂಗಾ ಎಂದು ಐದರವರೆಗೆ ಸ್ವಂತ ಎಣಿಕೆ, ಅದರಿಂದ ಮೇಲೆ ನೇಪಾಳಿಯದೇ. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು, ‘ಬೋರ್ಡಿಂಗ್’ ಎಂದು ಕರೆಯುವ ಖಾಸಗಿ ಶಾಲೆಗಳಿಗೆ ಸರಿಸಮನಾಗಲು ಇಂಗ್ಲಿಷ್ ಪುಸ್ತಕ ಬೇರೆ. 2015ರ ನೇಪಾಳದ ಸಂವಿಧಾನ ತಾಯ್ನುಡಿಯಲ್ಲಿ ಶಿಕ್ಷಣ ಪಡೆಯುವ ಹಕ್ಕನ್ನು ಪ್ರತಿ ಸಮುದಾಯಕ್ಕೂ ಕೊಟ್ಟಿದೆ. 2011ರ ಜನಗಣತಿಯ ಪ್ರಕಾರ ಆ ದೇಶದಲ್ಲಿ 123 ಭಾಷೆಗಳಿದ್ದವು. ಹಕ್ಕಿಗೂ ತರಗತಿ ಕೋಣೆಗೂ ನಡುವೆ ಎಷ್ಟು ದೂರವಿದೆ ಎಂಬುದನ್ನು ಕನ್ನಡ ಶಾಲೆಯವರಾದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹೆಗ್ಗಡದೇವನಕೋಟೆಯಲ್ಲಿ 1990ರ ದಶಕದಲ್ಲಿ ಮೊಳೆತ, ಚಟುವಟಿಕೆಗಳ ಮೂಲಕ ಕಲಿಸುವ ನಲಿಕಲಿ ಪದ್ಧತಿ ಇಲ್ಲಿ ನನ್ನ ಕೈಹಿಡಿಯಿತು. ಹತ್ತು ಹತ್ತು ಕಡ್ಡಿಗಳ ಕಂತೆ ಕಟ್ಟಿ, ಉಳಿದವನ್ನು ಬಿಡಿಬಿಡಿಯಾಗಿ ಎಣಿಸುವುದನ್ನು ಮಿಸ್‌ಗೆ ತೋರಿಸಿದೆ. ಅಲ್ಲಿ ಪೊರಕೆ ಮಾಡುವ ‘ಅಮ್ಲಿಸೊ’ ಹುಲ್ಲು ಹೇರಳ, ಅದರ ಕಡ್ಡಿಗಳನ್ನೇ ತಂದೆವು. ಆದರೆ ಮುಂದಿನ ಹೆಜ್ಜೆ ಮಿಸ್ ಅವರದು. ಅವರು ಮಕ್ಕಳಿಂದ ಮೊದಲು ‘ತೀನ್ ದಸ್, ನೌ’ ಎಂದು, ಅಂದರೆ ಮೂರು ಹತ್ತು, ಒಂಬತ್ತು ಎಂದು ಹೇಳಿಸಿದರು. ಕಂತೆ ಮುಟ್ಟಿಸಿ, ಬರೆಸಿ, ಆಮೇಲಷ್ಟೇ ‘ಇದರ ಹೆಸರು ಉನನ್‌ಚಾಲೀಸ್’ ಎಂದರು. ಅದು ನನ್ನ ತಲೆಗೆ ಹೊಳೆಯುತ್ತಿರಲಿಲ್ಲ. ಆ ಭಾಷೆಯೊಳಗೆ ಬೆಳೆದು, ಆ ತಪ್ಪನ್ನು ತಾವೂ ಮಾಡಿ ದಾಟಿ ಬಂದವರಿಗೆ ಹೊಳೆಯುವಂಥದು.

ಇನ್ನು ಈ ಮಾತಿನ ತಲೆಬರಹಕ್ಕೆ ಬರುತ್ತೇನೆ. ಒಂದು ರಾತ್ರಿ ಬೆಂಗಳೂರಿನಿಂದ ಫೋನ್ ಬಂತು. ಅಪ್ಪ 7,000 ರೂಪಾಯಿ ಕಳುಹಿಸಿದ್ದೇನೆ ಎಂದ. ಫೋನ್ ಇಡುವಷ್ಟರಲ್ಲಿ ಮಗಳು ಹೇಳಿದಳು: ‘ಎಘಾರ ಹಜಾರ್ ದುಈ ಸಯ.’ 11,200. ನಮ್ಮ 100 ರೂಪಾಯಿಗೆ ಅವರ 160. 1993ರಿಂದ ಈ ದರ ಬದಲಾಗಿಲ್ಲ. ನಾಲ್ಕನೇ ತರಗತಿಯ ಹುಡುಗಿ 1.6ರಿಂದ ಹೇಗೆ ಗುಣಿಸಿದಳು? ಅವಳು ಗುಣಿಸಿರಲಿಲ್ಲ. ಪೂರ್ತಿ 7,000, ಅದರ ಅರ್ಧ 3,500, 7,000ದ ಹತ್ತನೇ ಒಂದು ಪಾಲು 700, ಮೂರನ್ನೂ ಕೂಡಿದ್ದಳು. ‘ಯಾರು ಹೇಳಿಕೊಟ್ಟರು?’ ಎಂದರೆ ಒಲೆಯ ಕಡೆ ಕೈ ತೋರಿಸಿದಳು. ದಿದಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಭಿನಾಜು ಮುಂಬೈಯಲ್ಲಿ ದುಡಿಯುತ್ತಿದ್ದ ಕಾಲದಿಂದ ಮನಿಯಾರ್ಡರಿನ ಲೆಕ್ಕವನ್ನು ಅವರು ಹೀಗೆಯೇ ಮಾಡಿಕೊಂಡು ಬಂದಿದ್ದರು.

ಇದನ್ನು ತರಗತಿಗೆ ತರೋಣ, ಪ್ರತಿಯೊಬ್ಬರೂ ಮನೆಗೆ ಬಂದ ಹಣದ ಲೆಕ್ಕ ಹೇಳಲಿ ಎಂದು ನಾನು ಮಿಸ್ ಬಳಿ ಓಡಿದೆ. ಅವರು ಒಪ್ಪಲಿಲ್ಲ. ಮೂರನೇ ಸಾಲಿನ ಒಬ್ಬ ಹುಡುಗನ ಅಪ್ಪನಿಂದ ಅನೇಕ ತಿಂಗಳುಗಳಿಂದ ಹಣವೂ ಬಂದಿರಲಿಲ್ಲ, ಸುದ್ದಿಯೂ ಬಂದಿರಲಿಲ್ಲ. ಊರಿಗೆಲ್ಲ ಗೊತ್ತಿದ್ದ ಆ ಸಂಗತಿ ನನಗೆ ಗೊತ್ತಿರಲಿಲ್ಲ. ಮಿಸ್ ಅದೇ ಲೆಕ್ಕವನ್ನು ಸುನೌಲಿಯ ಅಂಗಡಿಯ ಬೆಲೆಗಳಿಗೆ ಬದಲಾಯಿಸಿದರು: ಛತ್ರಿ, ಚಪ್ಪಲಿ, ಸಕ್ಕರೆ. ಪಾಠ ಚೆನ್ನಾಗಿ ಆಯಿತು, ಆ ಹುಡುಗನೂ ಕೈ ಎತ್ತಿ ಉತ್ತರ ಹೇಳಿದ. ಹೊರಗಿನಿಂದ ಬಂದವರು ಎಷ್ಟು ಒಳ್ಳೆಯ ಮನಸ್ಸಿನಿಂದ ಒಂದು ಮಗುವನ್ನು ನೋಯಿಸಿಬಿಡಬಹುದು ಎಂದು ನೆನೆದರೆ ಈಗಲೂ ಎದೆ ನಡುಗುತ್ತದೆ.

ಅಮೆರಿಕದ ಪೀಸ್ ಕೋರ್ 1962ರಿಂದ ನೇಪಾಳಕ್ಕೆ ಸ್ವಯಂಸೇವಕರನ್ನು ಕಳುಹಿಸಿದೆ, ಮಾವೋವಾದಿ ಸಂಘರ್ಷದ ಕಾಲದಲ್ಲಿ 2004ರಲ್ಲಿ ನಿಲ್ಲಿಸಿ 2012ರಲ್ಲಿ ಮತ್ತೆ ಆರಂಭಿಸಿತು. ಅವರು ಮೊದಲು ಒಂದು ಮನೆಯಲ್ಲಿದ್ದು ಭಾಷೆ ಕಲಿಯುತ್ತಾರೆ, ಆಮೇಲೆ ಎರಡು ವರ್ಷ ಕೆಲಸ. ಅದರ ರಾಜಕೀಯ ಏನೇ ಇರಲಿ, ‘ಮೊದಲು ಭಾಷೆ, ಆಮೇಲೆ ಕೆಲಸ’ ಎಂಬ ಕ್ರಮ ಸರಿಯಾದದ್ದು. ಇದಕ್ಕೆ ತೀರ ಎದುರಾದದ್ದು ಎರಡು ವಾರದ ಅನಾಥಾಲಯ ಸೇವೆ. ನೇಪಾಳದ ಇಂತಹ ಮನೆಗಳಲ್ಲಿರುವ ಬಹುಪಾಲು ಮಕ್ಕಳಿಗೆ ಅಪ್ಪನೋ ಅಮ್ಮನೋ ಜೀವಂತವಾಗಿದ್ದಾರೆ. ಓದಿಸುತ್ತೇವೆಂದು ನಂಬಿಸಿ ದೂರದ ಬೆಟ್ಟದ ಜಿಲ್ಲೆಗಳಿಂದ ಕರೆತಂದು, ಪ್ರವಾಸಿಗರು ಬರುವ ಊರುಗಳಲ್ಲಿ ಇರಿಸಿಕೊಂಡ ಉದಾಹರಣೆಗಳು ಬೇಕಾದಷ್ಟು ದಾಖಲಾಗಿವೆ. ಭೂಕಂಪದ ನಂತರ ಯುನಿಸೆಫ್ ಇದರ ಬಗ್ಗೆ ಬಹಿರಂಗವಾಗಿಯೇ ಎಚ್ಚರಿಸಿತು. ನಿಮ್ಮ ಮಕ್ಕಳು, ಮೊಮ್ಮಕ್ಕಳು ಹೀಗೆ ಹೋಗುತ್ತೇನೆಂದರೆ ದಯವಿಟ್ಟು ತಡೆಯಿರಿ. ಕರುಣೆಯಿಂದ ಕೊಟ್ಟ ಹಣವೇ ಇನ್ನೊಂದು ಮಗುವನ್ನು ಅಮ್ಮನ ಮಡಿಲಿನಿಂದ ಬಿಡಿಸಿ ತರುತ್ತದೆ.

ಮನೆಯ ಲೆಕ್ಕ ಇನ್ನೂ ಬಾಕಿ ಇದೆ. ನಾನು ತಿಂಗಳ ಹಣ ಕೊಡುತ್ತಿದ್ದೆ, ನಿಜ. ಆದರೆ ಆ ಬೆಟ್ಟಗಳಲ್ಲಿ ಒರತೆಗಳು ಬತ್ತುತ್ತಿವೆ. ಮಳೆ ಹಿಡಿಯುವವರೆಗೆ ಸೊಸೆ ಕೆಳಗಿನ ಕುವಾದಿಂದ, ಅಂದರೆ ಒರತೆಯ ಗುಂಡಿಯಿಂದ, ನೀರು ಹೊರಬೇಕಿತ್ತು. ನಾನು ಬಂದ ಮೇಲೆ ದಿನಕ್ಕೆ ಒಂದು ಗಗ್ರಿ, ಅಂದರೆ ಒಂದು ಕೊಡ, ಹೆಚ್ಚಾಯಿತು. ಹೋಗಿ ಬರಲು ನಲವತ್ತು ನಿಮಿಷ, ಬರುವಾಗ ಡೋಕೊ ಬುಟ್ಟಿಯಲ್ಲಿ ತುಂಬಿದ ಗಗ್ರಿ, ಅದರ ಭಾರವೆಲ್ಲ ಹಣೆಗೆ ಕಟ್ಟಿದ ನಾಮ್ಲೊ ಪಟ್ಟಿಯ ಮೇಲೆ. ನನಗೆ ಕೊಟ್ಟ ಮಂಚ ಮೊಮ್ಮಗಳದಾಗಿತ್ತು. ಆರು ತಿಂಗಳೂ ಅವಳು ಅಜ್ಜಿಯ ಪಕ್ಕ ನೆಲದ ಮೇಲೆ ಮಲಗಿದಳು. ಇದನ್ನು ಯಾರೂ ನನಗೆ ಹೇಳಲಿಲ್ಲ. ಮಂಚದ ಪಕ್ಕದ ಗೋಡೆಯ ಕೆಮ್ಮಣ್ಣಿನ ಮೇಲೆ ಬಳಪದಲ್ಲಿ ಬರೆದಿದ್ದ ಅವಳ ಹೆಸರನ್ನು ನೋಡಿ ತಿಳಿದುಕೊಂಡೆ.

ಆ ಹುಡುಗಿ ಒಂದು ದಿನ ಅಮ್ಮನ ಮೊಬೈಲ್ ತಂದು ಅಪ್ಪನ ಚಿತ್ರ ತೋರಿಸಿದಳು. ಹೋಟೆಲಿನ ಮುಂದೆ ಕೈಕಟ್ಟಿ ನಿಂತಿದ್ದಾನೆ, ಹಿಂದೆ ಹಸಿರು ಫಲಕ. ‘ಗುರುಆಮಾ, ಇದು ಏನು?’ ಎಂದು ಆ ಫಲಕದ ಮೇಲೆ ಬೆರಳಿಟ್ಟಳು. ಮೊದಲ ಅಕ್ಷರಗಳು ಅವನ ಭುಜದ ಹಿಂದೆ ಮರೆಯಾಗಿದ್ದವು. ‘...ದ್ಧ ಸಸ್ಯಾಹಾರಿ’ ಎಂದು ಓದಿದೆ. ‘ಶುದ್ಧ ಶಾಕಾಹಾರಿ!’ ಎಂದು ಅವಳೇ ನೇಪಾಳಿಯಲ್ಲಿ ಪೂರ್ತಿ ಮಾಡಿದಳು. ನಾಲ್ಕು ವರ್ಷಗಳಿಂದ ಆ ಚಿತ್ರವನ್ನು ನೋಡುತ್ತಿದ್ದರೂ ಅದು ಅಕ್ಷರವೆಂದು ಅವಳಿಗೆ ತಿಳಿದಿರಲಿಲ್ಲ, ಗೋಡೆಯ ಚಿತ್ತಾರವೆಂದುಕೊಂಡಿದ್ದಳು. ಅಂದಿನಿಂದ ಪಿಂಢಿಯ ಮೇಲೆ, ಅಂದರೆ ಅವರ ಜಗಲಿಯ ಮೇಲೆ, ಸಂಜೆ ಹೊತ್ತು ಕನ್ನಡ ಅಕ್ಷರಗಳನ್ನು ತೀಡತೊಡಗಿದಳು. ಅಪ್ಪ ದಿನವೂ ಯಾವ ಅಕ್ಷರಗಳ ನಡುವೆ ಓಡಾಡುತ್ತಾನೋ ಅವು ಅವಳಿಗೆ ಬೇಕಿದ್ದವು.

ಊರಿಗೆ ಮರಳಿದ ಮೇಲೆ ನಮ್ಮ ಬಡಾವಣೆಯ ಸರ್ಕಾರಿ ಶಾಲೆಗೆ ಹೋಗಿ ಕೇಳಿದೆ. ಕಾವಲುಗಾರರ, ಹೋಟೆಲ್ ಕೆಲಸಗಾರರ ಮಕ್ಕಳು, ಅವರಲ್ಲಿ ಇಬ್ಬರು ನೇಪಾಳದವರು, ಅಲ್ಲಿದ್ದರು. ಎಷ್ಟೋ ಸಲ ಆ ಶಾಲೆಯ ಮುಂದೆ ನಡೆದುಹೋಗಿದ್ದ ನನಗೆ ಅದು ಗೊತ್ತಿರಲಿಲ್ಲ. ಈಗ ವಾರಕ್ಕೆ ಎರಡು ದಿನ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ನಿಮ್ಮಲ್ಲಿ ಯಾರಾದರೂ ಜೊತೆಗೆ ಬರುವುದಾದರೆ ಸಭೆ ಮುಗಿದ ಮೇಲೆ ನನ್ನನ್ನು ಕಾಣಿ.

ಆ ಅಕ್ಟೋಬರ್‌ನಲ್ಲಿ ದಶೈಂ ಮುಗಿಸಿ ನಾನು ಹೊರಟೆ. ಮಗರ್ ಮನೆಗಳ ಟಿಕಾ ಬಿಳಿಯದು: ಅಕ್ಕಿ ಮತ್ತು ಮೊಸರು, ಕುಂಕುಮವಿಲ್ಲ. ದಿದಿ ನನ್ನ ಹಣೆಗೆ ಅದನ್ನು ಒತ್ತಿ, ಕತ್ತಲ ಕೋಣೆಯಲ್ಲಿ ಬೆಳೆಸಿದ ಹಳದಿ ಜಮರಾ ಸಸಿಯನ್ನು ಮುಡಿಗಿಟ್ಟರು. ಆಮೇಲೆ ಒಂದು ಬಟ್ಟೆಯ ಗಂಟು ಕೊಟ್ಟು, ‘ಇದು ನಿನಗಲ್ಲ’ ಎಂದರು.

ಬೆಂಗಳೂರಿನಲ್ಲಿ ಆ ಹೋಟೆಲನ್ನು ಹುಡುಕಿಕೊಂಡು ಹೋದಾಗ ಮಧ್ಯಾಹ್ನ ಮೂರು ಗಂಟೆ. ಅವನು ಹಿಂದಿನ ಬಾಗಿಲಿನಿಂದ ಕೈ ಒರೆಸಿಕೊಳ್ಳುತ್ತಾ ಬಂದ. ಗಂಟಿನೊಳಗೆ ಗುಂಡ್ರುಕ್ ಇತ್ತು, ಅದರ ಮೇಲೆ ಮಡಚಿಟ್ಟ ಒಂದು ಹಾಳೆ. ಹಾಳೆಯಲ್ಲಿ ಮಗಳು ಕನ್ನಡದಲ್ಲಿ ‘ಶುದ್ಧ ಸಸ್ಯಾಹಾರಿ’ ಎಂದು ಬರೆದಿದ್ದಳು, ‘ದ್ಧ’ದ ಒತ್ತು ಸ್ವಲ್ಪ ದೂರಕ್ಕೆ ಸರಿದಿತ್ತು. ಅವನು ಹಾಳೆಯನ್ನು ನೋಡಿದ, ತಲೆ ಎತ್ತಿ ಫಲಕವನ್ನು ನೋಡಿದ, ಮತ್ತೆ ಹಾಳೆಯನ್ನು ನೋಡಿದ. ಗಂಟಿನ ಬಾಯಿ ತೆರೆದು ಒಮ್ಮೆ ಮೂಸಿದ. ಆಮೇಲೆ ವಾಸನೆ ಹೋಗದ ಹಾಗೆ ಬಿಗಿಯಾಗಿ ಕಟ್ಟಿ, ‘ಸಾನಿಮಾ, ಊಟ ಆಗಿದೆಯೇ?’ ಎಂದು ಕನ್ನಡದಲ್ಲಿ ಕೇಳಿ, ಒಳಗಿನಿಂದ ತಟ್ಟೆ ತಂದ.